ವಿಮಾನಕ್ಕೆ ಕಾಲು ಬಂದ ಕಥೆ

ರಿಮೋಟ್ ಕಂಟ್ರೋಲ್ ಮಾದರಿ ವಿಮಾನ ಕಟ್ಟುವ ಹುಚ್ಚು ಹತ್ತಿ ಎರಡು ತಿಂಗಳಾಯಿತು. ಶನಿವಾರ, ಭಾನುವಾರ ಮಾತ್ರ ಕೆಲಸ, ಉಳಿದ ದಿನ ಆಫೀಸಿನ ಕೋಡು ಇದ್ದೇ ಇದೆಯಲ್ಲ. ರೆಕ್ಕೆ, ಬಾಲ ಎಲ್ಲ ಬೇಗ ಬೇಗ ಮುಗಿದವು. ಲ್ಯಾಂಡಿಂಗ್ ಗೇರ್, ಅಂದರೆ ಕೆಳಗಿನ ಚಕ್ರಗಳು ಮತ್ತು ಅವುಗಳ ಕಾಲು, ಅಲ್ಲಿಗೆ ಬಂದು ಗಾಡಿ ನಿಂತುಬಿಟ್ಟಿತು. ಯಾಕೆಂದರೆ ಈ ಕಿಟ್‌ನಲ್ಲಿ ಎರಡು ಬಗೆಯಲ್ಲಿ ಚಕ್ರ ಹಾಕಬಹುದು. ಎರಡು ದೊಡ್ಡ ಚಕ್ರ ಮುಂದೆ ಹಾಕಿ ಬಾಲದ ಕೆಳಗೆ ಒಂದು ಪುಟಾಣಿ ಚಕ್ರ ಹಾಕುವುದು ಒಂದು ಬಗೆ. ಮೂಗಿನ ಕೆಳಗೆ ಒಂದು, ಹೊಟ್ಟೆಯ ಕೆಳಗೆ ಎರಡು ಹಾಕುವುದು ಇನ್ನೊಂದು. ಎರಡಕ್ಕೂ ತೂತು ಕೊರೆಯುವ ಜಾಗ ಗುರುತು ಮಾಡಿ ಕೊಟ್ಟಿದ್ದಾರೆ, ಯಾವುದನ್ನು ಯಾಕೆ ಹಾಕಬೇಕು ಅಂತ ಮಾತ್ರ ಒಂದು ಸಾಲೂ ಇಲ್ಲ.

ನನ್ನ ರೂಮ್‌ಮೇಟ್ ಇದನ್ನೆಲ್ಲ ನೋಡಿ, "ಚಕ್ರ ಯಾಕೋ ಬೇಕು ಮಗಾ? ಕೈಯಲ್ಲಿ ಎಸಿ, ಹುಲ್ಲಿನ ಮೇಲೆ ಹೊಟ್ಟೇಲಿ ಇಳಿಸು, ತೂಕಾನೂ ಕಮ್ಮಿ" ಅಂದ. ತಮಾಷೆಗೆ ಹೇಳಿದ್ದಿರಬಹುದು, ಆದರೆ ವಿಮಾನದ ಚರಿತ್ರೆಯಲ್ಲಿ ಬಹಳ ದೊಡ್ಡ ಮನುಷ್ಯರೊಬ್ಬರು ಇದನ್ನೇ ನಂಬಿಕೊಂಡಿದ್ದರು.

ಅವರ ಹೆಸರು ಸ್ಯಾಮ್ಯುಯೆಲ್ ಲ್ಯಾಂಗ್ಲಿ. ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಕಾರ್ಯದರ್ಶಿ, ಹೆಸರಾಂತ ಖಗೋಳ ವಿಜ್ಞಾನಿ. 1896ರ ಮೇ 6ರಂದು ಪೊಟೊಮ್ಯಾಕ್ ನದಿಯಲ್ಲಿ ನಿಲ್ಲಿಸಿದ್ದ ಒಂದು ದೋಣಿಮನೆಯ ಮೇಲಿಂದ ಕವಣೆಯಂತಹ ಯಂತ್ರದಿಂದ ತಮ್ಮ 5ನೇ ನಂಬರಿನ ಮಾದರಿ ವಿಮಾನವನ್ನು ಚಿಮ್ಮಿಸಿದರು. ಪುಟ್ಟ ಉಗಿಯಂತ್ರ ಹೊತ್ತ ಆ ಮಾದರಿ ಸುಮಾರು ಒಂದು ಕಿಲೋಮೀಟರ್ ಹಾರಿ ಮೆಲ್ಲಗೆ ನೀರಿಗೆ ಇಳಿಯಿತು. ಎತ್ತಿ ಒರೆಸಿ ಅದೇ ದಿನ ಮತ್ತೆ ಹಾರಿಸಿದರು. ಅದಕ್ಕೆ ಚಕ್ರ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಆಮೇಲೆ ಅಮೆರಿಕದ ಯುದ್ಧ ಇಲಾಖೆ 50,000 ಡಾಲರ್ ಕೊಟ್ಟು, ಮನುಷ್ಯ ಕೂರುವಂಥದ್ದನ್ನು ಮಾಡಿ ಎಂದಿತು. ಲ್ಯಾಂಗ್ಲಿ ಅದೇ ವಿನ್ಯಾಸವನ್ನು ದೊಡ್ಡದು ಮಾಡಿದರು, ಅದೇ ದೋಣಿಮನೆ, ಅದೇ ಕವಣೆ. ಕೆಳಗೆ ಚಕ್ರವೂ ಇಲ್ಲ, ಜಾರುವ ಪಟ್ಟಿಯೂ ಇಲ್ಲ. ಒಂದು ವೇಳೆ ಚೆನ್ನಾಗಿಯೇ ಹಾರಿದ್ದರೂ ಪೈಲಟ್ ಚಾರ್ಲ್ಸ್ ಮ್ಯಾನ್ಲಿ ಕೊನೆಗೆ ನದಿಗೇ ಬೀಳಬೇಕಿತ್ತು! 1903ರ ಅಕ್ಟೋಬರ್ 7 ಮತ್ತು ಡಿಸೆಂಬರ್ 8, ಎರಡು ಸಲವೂ ಅದು ಕವಣೆ ಬಿಟ್ಟ ಕೂಡಲೇ ನೀರಿಗೆ ಬಿತ್ತು. ಎರಡನೇ ಸಲ ಮ್ಯಾನ್ಲಿ ಆ ಚಳಿಯಲ್ಲಿ ಮುಳುಗಿ ಸಾಯುವುದು ಸ್ವಲ್ಪದರಲ್ಲಿ ತಪ್ಪಿತು. ಬಿದ್ದಿದ್ದಕ್ಕೆ ಚಕ್ರ ಇಲ್ಲದ್ದೇ ಕಾರಣ ಅಂತ ನಾನು ಹೇಳುತ್ತಿಲ್ಲ, ಬೇರೆ ಕಾರಣಗಳಿದ್ದವು. ಆದರೆ ಮೇಲೆ ಹೋದವನು ಕೆಳಗೆ ಹೇಗೆ ಬರುತ್ತಾನೆ ಎನ್ನುವ ಪ್ರಶ್ನೆ ಆ ವಿನ್ಯಾಸದಲ್ಲಿ ಎಲ್ಲೂ ಕಾಣಿಸುವುದಿಲ್ಲ. ಮಾದರಿಯಲ್ಲಿ ಯಾರೂ ಕೂತಿರಲಿಲ್ಲವಲ್ಲ, ಹಾಗಾಗಿ ಪ್ರಶ್ನೆ ಏಳಲೇ ಇಲ್ಲವೇನೋ.

ಇದಾದ ಒಂಬತ್ತೇ ದಿನಕ್ಕೆ, ಡಿಸೆಂಬರ್ 17ರಂದು, ರೈಟ್ ಸಹೋದರರು ಹಾರಿದರು. ಈ ತಾರೀಖು ನಮಗೆಲ್ಲ ಸ್ಕೂಲಿನಿಂದಲೇ ಬಾಯಿಪಾಠ. ಸ್ಕೂಲಿನಲ್ಲಿ ಹೇಳದೆ ಬಿಟ್ಟದ್ದು ಇದು: ಹೊಟ್ಟೆಪಾಡಿಗೆ ಸೈಕಲ್ ಮಾಡಿ ಮಾರುತ್ತಿದ್ದ ಈ ಅಣ್ಣತಮ್ಮಂದಿರು ತಮ್ಮ ವಿಮಾನಕ್ಕೆ ಚಕ್ರವನ್ನೇ ಹಾಕಲಿಲ್ಲ! ಕಿಟಿ ಹಾಕ್ ಹತ್ತಿರದ ಆ ಜಾಗವೆಲ್ಲ ಮರಳು, ಸಣ್ಣ ಚಕ್ರ ಮರಳಿನಲ್ಲಿ ಹೂತು ಹೋಗುತ್ತದೆ. ಇದ್ದದ್ದು 12 ಅಶ್ವಶಕ್ತಿಯ ಎಂಜಿನ್, ಒಂದೊಂದು ಕಿಲೋಗೂ ಲೆಕ್ಕ. ಹಾಗಾಗಿ ಇಳಿಯುವುದಕ್ಕೆ ಜಾರುಬಂಡಿಯಂತಹ ಎರಡು ಮರದ ಪಟ್ಟಿ. ಏರುವುದಕ್ಕೆ ನೆಲದ ಮೇಲೆ 60 ಅಡಿ ಉದ್ದದ ಒಂಟಿ ಮರದ ಹಳಿ, ಅದರ ಮೇಲೆ ಓಡುವ ಒಂದು ಪುಟ್ಟ ಗಾಡಿ. ಗಾಡಿಯ ಉರುಳೆಗಳು ಸೈಕಲ್ ಚಕ್ರದ ಹಬ್‌ನಿಂದ ಮಾಡಿದವು. ಕೊನೆಗೂ ಸೈಕಲ್ ಅಂಗಡಿ ಅಲ್ಲಿ ಇಣುಕಿತು ನೋಡಿ. ವಿಮಾನ ಮೇಲೆದ್ದಾಗ ಗಾಡಿ ನೆಲದಲ್ಲೇ ಉಳಿಯುತ್ತಿತ್ತು. ಹಳಿಗೆ ಅವರು ತಮಾಷೆಗೆ 'ಜಂಕ್ಷನ್ ರೈಲ್‌ರೋಡ್' ಅಂತ ಹೆಸರಿಟ್ಟಿದ್ದರು, ಖರ್ಚು ಸುಮಾರು ನಾಲ್ಕು ಡಾಲರ್. 50,000 ಡಾಲರಿನ ಪಕ್ಕದಲ್ಲಿ ಇಟ್ಟು ನೋಡಿ :-)

ಈ ಚಕ್ರವಿಲ್ಲದ್ದೇ ಮುಂದೆ ದೊಡ್ಡ ಜಗಳಕ್ಕೆ ದಾರಿಯಾಯಿತು. 1904ರಲ್ಲಿ ಡೇಟನ್ ಊರಿನ ಹತ್ತಿರ ಹಾರುವಾಗ ಅಲ್ಲಿ ಅಷ್ಟು ಗಾಳಿ ಇರಲಿಲ್ಲ. ಅದಕ್ಕೆ ಒಂದು ಗೋಪುರ ಕಟ್ಟಿ, ಅರ್ಧ ಟನ್ನಿಗೂ ಹೆಚ್ಚಿನ ಭಾರವನ್ನು ಮೇಲಿಂದ ಬೀಳಿಸಿ, ಹಗ್ಗದಿಂದ ವಿಮಾನವನ್ನು ಎಳೆದು ವೇಗ ಕೊಡುವ ಏರ್ಪಾಡು ಮಾಡಿಕೊಂಡರು. ಇತ್ತ 1906ರಲ್ಲಿ ಪ್ಯಾರಿಸ್ಸಿನಲ್ಲಿ ಬ್ರೆಜಿಲ್ ದೇಶದ ಸಾಂತೋಸ್ ದ್ಯುಮೊಂ ತನ್ನ '14-ಬಿಸ್' ವಿಮಾನಕ್ಕೆ ಚಕ್ರ ಹಾಕಿ, ಹಳಿ, ಕವಣೆ ಏನೂ ಇಲ್ಲದೆ ನೆಲದ ಮೇಲೆ ಓಡಿಸಿ, ನೂರಾರು ಜನರ ಎದುರಿಗೇ ಮೇಲೆದ್ದ. ಅಕ್ಟೋಬರ್ 23ರಂದು ಸುಮಾರು 60 ಮೀಟರ್, ನವೆಂಬರ್ 12ರಂದು 220 ಮೀಟರ್. ಬ್ರೆಜಿಲಿನವರು ಇವತ್ತಿಗೂ ಕೇಳುವುದು ಇದನ್ನೇ: ತಾನಾಗಿ ಓಡಿ ಏರಿದ್ದು ವಿಮಾನವೋ, ಹಳಿಯ ಮೇಲಿಂದ ಹೊರಟದ್ದು ವಿಮಾನವೋ? 2016ರ ರಿಯೋ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ 14-ಬಿಸ್ ಮಾದರಿ ಕ್ರೀಡಾಂಗಣದಿಂದ ಹಾರಿದ್ದನ್ನು ನೋಡಿದವರಿಗೆ ಆ ಅಭಿಮಾನ ಎಷ್ಟು ಅಂತ ಗೊತ್ತಿರುತ್ತದೆ.

ನನ್ನ ಮಟ್ಟಿಗೆ ರೈಟ್ ಸಹೋದರರೇ ಮೊದಲಿಗರು. 1903ರ ಆ ದಿನ ಕವಣೆ ಇರಲಿಲ್ಲ, ಎದುರು ಗಾಳಿ ಮತ್ತು ಹಳಿ ಅಷ್ಟೇ. ಅಲ್ಲದೆ ಗಾಳಿಯಲ್ಲಿ ವಿಮಾನವನ್ನು ಹತೋಟಿಯಲ್ಲಿ ಇಡುವುದು ಅವರಿಗೆ ಗೊತ್ತಿದ್ದಷ್ಟು 1906ರಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ. ಆದರೆ ಹಳಿ ಇಲ್ಲದ ಕಡೆ ಇಳಿದರೆ ಮತ್ತೆ ಏರುವ ಹಾಗಿಲ್ಲದ ವಿಮಾನವನ್ನು ತೆಗೆದುಕೊಂಡು ಏನು ಮಾಡುವುದು? ಈ ಪ್ರಶ್ನೆಯಲ್ಲಿ ಸಾಂತೋಸ್ ದ್ಯುಮೊಂ ಗೆದ್ದ. ರೈಟ್ ಸಹೋದರರೂ 1910ರ ಹೊತ್ತಿಗೆ ತಮ್ಮ 'ಮಾಡೆಲ್ ಬಿ'ಗೆ ಚಕ್ರ ಹಾಕಿದರು.

ಸರಿ, ಚಕ್ರ ಬಂತು. ಎಲ್ಲಿ ಹಾಕುವುದು? 1909ರ ಜುಲೈ 25ರಂದು ಇಂಗ್ಲಿಷ್ ಕಾಲುವೆ ದಾಟಿದ ಬ್ಲೆರಿಯೋನ ವಿಮಾನ ನೋಡಿ. ಎರಡು ಸೈಕಲ್ ಚಕ್ರ ಮುಂದೆ, ಹಿಂದೆ ಇನ್ನೊಂದು ಚಿಕ್ಕದು. ಕುಲುಕಾಟ ತಡೆಯಲು ರಬ್ಬರ್. ಗಾಳಿ ಪಕ್ಕದಿಂದ ಬೀಸಿದರೆ ಚಕ್ರಗಳು ತಾವಾಗಿ ತಿರುಗಿಕೊಳ್ಳುವ ಜಾಣ ಏರ್ಪಾಡು ಬೇರೆ. ಇಷ್ಟಾದರೂ ಡೋವರ್‌ನಲ್ಲಿ ಇಳಿಯುವಾಗ ಕಾಲು ಮುರಿಯಿತು. ಬ್ಲೆರಿಯೋನದ್ದಲ್ಲ, ವಿಮಾನದ್ದು.

ಮುಂದೆ ಎರಡು, ಹಿಂದೆ ಒಂದು: ಈ ಪದ್ಧತಿ ಮೂವತ್ತು ವರ್ಷ ಆಳಿತು. ಕಾರಣಗಳು ಗಟ್ಟಿಯಾಗಿಯೇ ಇದ್ದವು. ಮೂತಿ ಮೇಲಕ್ಕಿದ್ದರೆ ದೊಡ್ಡ ಪ್ರೊಪೆಲ್ಲರ್ ನೆಲಕ್ಕೆ ತಾಗುವುದಿಲ್ಲ. ಬಾಲದ ಕೆಳಗಿನ ಭಾರ ಕಡಿಮೆ, ಅಲ್ಲಿ ಒಂದು ಮರದ ಕೊಕ್ಕೆ ಸಾಕು. ಆ ಕೊಕ್ಕೆ ಹುಲ್ಲಿನ ಮೈದಾನವನ್ನು ನೇಗಿಲಿನಂತೆ ಗೀರುತ್ತಾ ಬರುವುದರಿಂದ ಬೇರೆ ಬ್ರೇಕೂ ಬೇಡ. ಆಗ ಈಗಿನ ಹಾಗೆ ರನ್‌ವೇಗಳಿರಲಿಲ್ಲ. ದೊಡ್ಡ ಹುಲ್ಲಿನ ಬಯಲು, ಗಾಳಿ ಎತ್ತ ಬೀಸುತ್ತದೋ ಅದಕ್ಕೆ ಎದುರಾಗಿ ಹೊರಟರಾಯಿತು.

ಈ ಪದ್ಧತಿಯ ರೋಗ ಒಂದೇ. ಸೂಪರ್ ಮಾರ್ಕೆಟ್ಟಿನ ತಳ್ಳುಗಾಡಿ ಗೊತ್ತಲ್ಲ, ಮುಂದಿನ ಚಕ್ರ ಎತ್ತ ಬೇಕಾದರೂ ತಿರುಗುತ್ತದೆ, ಹಿಂದಿನದು ತಿರುಗುವುದಿಲ್ಲ. ಅದನ್ನು ಹಿಂದುಮುಂದಾಗಿ ಜೋರಾಗಿ ತಳ್ಳಿ ಬಿಟ್ಟುಬಿಡಿ (ಅಂಗಡಿಯವರು ನೋಡದಿದ್ದಾಗ). ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಗಿರಕಿ ಹೊಡೆದು ತಿರುಗಿ ನಿಲ್ಲುತ್ತದೆ. ವಿಮಾನದ ಗುರುತ್ವ ಕೇಂದ್ರ ದೊಡ್ಡ ಚಕ್ರಗಳಿಗಿಂತ ಹಿಂದೆ ಇದ್ದರೆ ಆಗುವುದೂ ಇದೇ. ಸ್ವಲ್ಪ ಓರೆಯಾದರೆ ಹಿಂದಿನ ಭಾರ ಮುಂದಕ್ಕೆ ನುಗ್ಗಲು ನೋಡುತ್ತದೆ, ಓರೆ ಇನ್ನೂ ಹೆಚ್ಚುತ್ತದೆ. ಗ್ರೌಂಡ್ ಲೂಪ್ ಅನ್ನುತ್ತಾರೆ. ಗುರುತ್ವ ಕೇಂದ್ರ ಚಕ್ರಗಳಿಗಿಂತ ಮುಂದೆ ಇದ್ದರೆ ಅದೇ ಭಾರ ವಿಮಾನವನ್ನು ಎಳೆದು ನೇರ ಮಾಡುತ್ತದೆ. ಆಗ ಮೂತಿ ಕುಸಿಯದಂತೆ ಮುಂದೊಂದು ಚಕ್ರ ಬೇಕು. ನಮ್ಮ ಆಟೋರಿಕ್ಷಾದ ಜೋಡಣೆಯೂ ಇದೇ, ಮುಂದೆ ಒಂದು, ಹಿಂದೆ ಎರಡು.

ಇದನ್ನು ಗ್ಲೆನ್ ಕರ್ಟಿಸ್ 1908ರ 'ಜೂನ್ ಬಗ್' ವಿಮಾನದಲ್ಲೇ ಮಾಡಿದ್ದ. ಮಧ್ಯೆ ಎಲ್ಲರೂ ಬಿಟ್ಟರು. ಮತ್ತೆ ಗಟ್ಟಿಯಾಗಿ ಹಿಡಿದುಕೊಂಡವರು ಫ್ರೆಡ್ ವೈಕ್ ಎಂಬ ಎಂಜಿನಿಯರ್. ಅವರ ಎರ್ಕೂಪ್ ವಿಮಾನ 1937ರಲ್ಲಿ ಹಾರಿತು. ಸಾಮಾನ್ಯ ಮನುಷ್ಯ ಕಾರು ಓಡಿಸಿದಂತೆ ಓಡಿಸಬೇಕು ಎನ್ನುವುದು ಗುರಿ. ಯುದ್ಧ ಮುಗಿದ ಮೇಲೆ ಅದನ್ನು ಮೇಸಿಸ್ ಎಂಬ ಡಿಪಾರ್ಟ್‌ಮೆಂಟ್ ಸ್ಟೋರಿನಲ್ಲಿ ಸೀರೆ ಪಂಚೆ ಇಟ್ಟಂತೆ ಮಾರಾಟಕ್ಕಿಟ್ಟಿದ್ದರು!

ಎಲ್ಲಕ್ಕಿಂತ ನನಗೆ ಇಷ್ಟವಾದ ಘಟನೆ 1942ರ ಜುಲೈ 18ರದ್ದು. ಜರ್ಮನಿಯ ಮೆಸ್ಸರ್‌ಶ್ಮಿಟ್ 262 ಜೆಟ್ ವಿಮಾನದ ಪರೀಕ್ಷೆ. ಹೊಸ ಯುಗದ ಎಂಜಿನ್, ಆದರೆ ಕೆಳಗೆ ಹಳೇ ಪದ್ಧತಿಯ ಬಾಲದ ಚಕ್ರ. ಬಾಲ ನೆಲಕ್ಕಿದ್ದಾಗ ಹಿಂದಿನ ಎಲಿವೇಟರ್ ಮೇಲೆ ಸರಿಯಾಗಿ ಗಾಳಿ ಹರಿಯದು, ಪ್ರೊಪೆಲ್ಲರಿನ ಗಾಳಿಯೂ ಇಲ್ಲ. ವೇಗ ಎಷ್ಟೇ ಬಂದರೂ ಬಾಲ ಏಳುತ್ತಿಲ್ಲ. ಪೈಲಟ್ ಫ್ರಿಟ್ಸ್ ವೆಂಡೆಲ್ ಏನು ಮಾಡಿದ ಗೊತ್ತೇ? ಗಂಟೆಗೆ ಸುಮಾರು 180 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುವಾಗ ಬ್ರೇಕ್ ಒಂದು ಸಲ ಒತ್ತಿದ! ಮೂತಿ ಬಗ್ಗಿತು, ಬಾಲ ಎದ್ದಿತು, ವಿಮಾನ ಹಾರಿತು. ರನ್‌ವೇ ಮುಗಿಯುತ್ತಾ ಬಂದಾಗ ಬ್ರೇಕ್ ಒತ್ತಿ ಟೇಕಾಫ್ ಮಾಡುವುದು ಅಂದರೆ ಆ ಮನುಷ್ಯನ ಗುಂಡಿಗೆ ಎಂಥದ್ದಿರಬೇಕು. ಆಮೇಲಿನ ಮಾದರಿಗಳಿಗೆ ಮೂಗಿನ ಚಕ್ರ ಹಾಕಿದರು.

ನಮ್ಮ ಬೆಂಗಳೂರಿನಲ್ಲೂ ಈ ಎರಡು ಪದ್ಧತಿ ಬಹಳ ಕಾಲ ಜೊತೆಗೇ ನಡೆದವು. ಡಾ. ವಿ. ಎಂ. ಘಾಟಗೆಯವರ ಮುಂದಾಳ್ತನದಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ತಯಾರಿಸಿದ ಎಚ್‌ಟಿ-2 ತರಬೇತಿ ವಿಮಾನ 1951ರ ಆಗಸ್ಟ್‌ನಲ್ಲಿ ಮೊದಲ ಬಾರಿ ಹಾರಿತು, ಬಾಲದ ಚಕ್ರದ ವಿಮಾನ. ಫ್ಲೈಯಿಂಗ್ ಕ್ಲಬ್‌ಗಳ ಪುಷ್ಪಕ್, ಹೊಲಕ್ಕೆ ಔಷಧಿ ಸಿಂಪಡಿಸುವ ಬಸಂತ್, ಇವೂ ಅದೇ ಬಗೆ. 1961ರಲ್ಲಿ ಹಾರಿದ ಮಾರುತ್ ಜೆಟ್‌ಗೆ ಮಾತ್ರ ಮೂಗಿನ ಚಕ್ರ. ಎಚ್‌ಟಿ-2 ಜಾಗಕ್ಕೆಂದು ಮಾಡಿದ ಎಚ್‌ಪಿಟಿ-32 ಹಾರಿದ್ದು 1977ರಲ್ಲಿ, ಅದಕ್ಕೂ ಮೂಗಿನ ಚಕ್ರ. ಅಂದರೆ ಒಂದು ತಲೆಮಾರಿನ ಪೈಲಟ್‌ಗಳು ಬಾಲದ ಚಕ್ರದ ಮೇಲೆ ಅಕ್ಷರಾಭ್ಯಾಸ ಮಾಡಿ, ಆಮೇಲೆ ಮೂಗಿನ ಚಕ್ರದ ಜೆಟ್ ಹತ್ತಿದರು. ಕಷ್ಟದ್ದನ್ನು ಮೊದಲು ಕಲಿತವರಿಗೆ ಸುಲಭದ್ದು ಲೀಲಾಜಾಲ ಅಂತ ವಾದಿಸುವವರು ಇವತ್ತೂ ಇದ್ದಾರೆ.

ನಾನಂತೂ ಮೂಗಿನ ಚಕ್ರವನ್ನೇ ಹಾಕಿದೆ. ಹೊಸದಾಗಿ ಹಾರಿಸಲು ಕಲಿಯುವವನಿಗೆ ತಳ್ಳುಗಾಡಿಯ ಗಿರಕಿ ಬೇಡ. ಕೆಲಸ ಹೀಗೆ: ಕಾಲುಗಳು ನಾಲ್ಕು ಮಿಲಿಮೀಟರ್ ದಪ್ಪದ ಪಿಯಾನೋ ತಂತಿ. ವೈಸಿನಲ್ಲಿ ಹಿಡಿದು ತಣ್ಣಗಿದ್ದಂತೆಯೇ ಬಗ್ಗಿಸಬೇಕು, ಬೆಂಕಿಗೆ ಹಿಡಿದರೆ ಉಕ್ಕಿನ ಹದ ಹೋಗಿ ಸ್ಪ್ರಿಂಗ್ ಗುಣ ಸಾಯುತ್ತದೆ. ರೆಕ್ಕೆಯ ಕೆಳಗಿನ ಗಟ್ಟಿಮರದ ಗಾಡಿಯಲ್ಲಿ ಕೂರಿಸಿ ಮೇಲೆ ನೈಲಾನ್ ಪಟ್ಟಿ. ದೊಡ್ಡ ಚಕ್ರಗಳು ಗುರುತ್ವ ಕೇಂದ್ರಕ್ಕಿಂತ ಸ್ವಲ್ಪವೇ ಹಿಂದೆ ಇರಬೇಕು. ತೀರಾ ಹಿಂದಾದರೆ ಟೇಕಾಫ್ ವೇಳೆ ಮೂತಿ ಏಳುವುದಿಲ್ಲ, ಮುಂದಾದರೆ ನಿಂತಲ್ಲೇ ಬಾಲ ಊರಿ ಕೂರುತ್ತದೆ. ಚಕ್ರ ಕಳಚದಂತೆ ಹಾಕುವ ಕಾಲರಿನ ಸ್ಕ್ರೂ ಜಾರಬಾರದು ಅಂತ ತಂತಿಯ ತುದಿಯನ್ನು ಅರದಿಂದ ಒಂದು ಕಡೆ ಚಪ್ಪಟೆ ಮಾಡಿದೆ. ಇದೊಂದಕ್ಕೇ ಒಂದು ಸಂಜೆ ಹೋಯಿತು. ಮೂಗಿನ ಚಕ್ರವನ್ನು ತಿರುಗಿಸುವುದು ಬಾಲದ ರಡ್ಡರ್ ತಿರುಗಿಸುವ ಅದೇ ಸರ್ವೋ.

ಈ ಬಗ್ಗುವ ಉಕ್ಕಿನ ಕಾಲು ಮಾದರಿಗಳಿಗೆ ಮಾತ್ರ ಅಂದುಕೊಳ್ಳಬೇಡಿ. ಸ್ಟೀವ್ ವಿಟ್‌ಮನ್ ಎಂಬ ಅಮೆರಿಕದ ರೇಸ್ ಪೈಲಟ್ ತಾನೇ ಕಟ್ಟಿದ ವಿಮಾನಗಳಿಗೆ ಸ್ಪ್ರಿಂಗ್ ಉಕ್ಕಿನ ಕಾಲು ಹಾಕಿದ. ಎಣ್ಣೆ, ರಬ್ಬರ್, ಕೀಲು ಯಾವುದೂ ಇಲ್ಲ. ಸೆಸ್ನಾ ಕಂಪನಿ ಅದರ ಹಕ್ಕು ಕೊಂಡು 1946ರ ಸೆಸ್ನಾ 140ರಲ್ಲಿ ಬಳಸಿತು. ಹತ್ತು ವರ್ಷದ ನಂತರ ಮೂಗಿನ ಚಕ್ರ ಸೇರಿಸಿ ತಂದ ಸೆಸ್ನಾ 172, ಲೋಕದಲ್ಲೇ ಅತಿ ಹೆಚ್ಚು ತಯಾರಾದ ವಿಮಾನ.

ರೂಮ್‌ಮೇಟ್ ಪರವಾಗಿಯೂ ಒಂದು ಮಾತು ಹೇಳಲೇಬೇಕು. 1919ರ ಜೂನ್ 15ರಂದು ಆಲ್ಕಾಕ್ ಮತ್ತು ಬ್ರೌನ್ ಮೊದಲ ಬಾರಿ ಎಲ್ಲೂ ನಿಲ್ಲದೆ ಅಟ್ಲಾಂಟಿಕ್ ದಾಟಿ, ಐರ್ಲೆಂಡಿನ ಕ್ಲಿಫ್ಡನ್ ಹತ್ತಿರ ಹಸಿರು ಬಯಲು ಅಂದುಕೊಂಡು ಜೌಗು ನೆಲದಲ್ಲಿ ಇಳಿದರು. ಚಕ್ರ ಹೂತು ವಿಮಾನ ಮೂತಿ ಊರಿ ನಿಂತಿತು. 2003ರ ಆಗಸ್ಟ್‌ನಲ್ಲಿ ಮೇನಾರ್ಡ್ ಹಿಲ್ ಮತ್ತು ಗೆಳೆಯರ 'ಟ್ಯಾಮ್-5' ಎಂಬ ಮಾದರಿ ವಿಮಾನ ಕೆನಡಾದ ನ್ಯೂಫೌಂಡ್‌ಲ್ಯಾಂಡಿನಿಂದ ಹೊರಟು, 38 ಗಂಟೆಗೂ ಹೆಚ್ಚು ಹಾರಿ, ಸುಮಾರು 3,000 ಕಿಲೋಮೀಟರ್ ದಾಟಿ ಅದೇ ಕ್ಲಿಫ್ಡನ್ ಹತ್ತಿರ ಇಳಿಯಿತು. ಇಂಧನ ಸೇರಿ ಐದು ಕಿಲೋ ಮೀರುವಂತಿರಲಿಲ್ಲ, ಹಾಗಾಗಿ ಚಕ್ರಕ್ಕೆ ಖರ್ಚು ಮಾಡುವಷ್ಟು ತೂಕ ಅವರ ಬಳಿ ಇರಲಿಲ್ಲ. 77 ವರ್ಷದ ಹಿಲ್‌ಗೆ ಕಣ್ಣು ಹೆಚ್ಚೂ ಕಡಿಮೆ ಕಾಣುತ್ತಿರಲಿಲ್ಲ. ಅವರೇ ಅದನ್ನು ಕೈಯಲ್ಲಿ ಹಿಡಿದು ಗಾಳಿಗೆ ಎಸೆದಿದ್ದರು. ಇಳಿದದ್ದು ಹುಲ್ಲಿನ ಮೇಲೆ, ಹೊಟ್ಟೆಯ ಮೇಲೆ.