ಬಂಡೆಗೂ ಒಂದು ಪಿಂಗ್: ಕೊಯ್ನಾ ಕಲಿಸಿದ್ದು

ನಾನಿರೋದು ಮುಂಬ್ರಾದಲ್ಲಿ. ಇಲ್ಲಿನ ಪಾರ್ಸಿಕ್ ಗುಡ್ಡದ ಕಪ್ಪು ಬಸಾಲ್ಟ್ ಬಂಡೆಯೇ ದಕ್ಷಿಣಕ್ಕೆ ಕೊಯ್ನಾದ ಆಚೆಗೂ ಹಬ್ಬಿದೆ. ಮಳೆಗಾಲದಲ್ಲಿ ಅದರ ಬಿರುಕಲ್ಲಿ ನೀರು ಜಿನುಗೋದನ್ನ ನೋಡಿದಾಗಲೆಲ್ಲ ಕೊಯ್ನಾ ನೆನಪಾಗುತ್ತೆ.

ಅಲ್ಲಿನ ಜಲಾಶಯಕ್ಕೆ 1962ರ ಹೊತ್ತಿಗೆ ನೀರು ತುಂಬೋಕೆ ಶುರುವಾಯ್ತು. 1967ರ ಡಿಸೆಂಬರ್ 11ರ ನಸುಕಲ್ಲಿ 6.3 ತೀವ್ರತೆಯ ಭೂಕಂಪ. ನೂರಕ್ಕೂ ಹೆಚ್ಚು ಜನ ಸತ್ತರು. ಬಿರುಕುಗಳಿಗೆ ಇಳಿದ ನೀರಿನ ಒತ್ತಡವೂ ಇದಕ್ಕೆ ಪ್ರಚೋದನೆ ಅಂತಾರೆ ವಿಜ್ಞಾನಿಗಳು. ಹಾಗಾದ್ರೆ ಆಳದ ಬಂಡೆಯಲ್ಲಿ ನೀರು ಹಾಯೋದು ಎಲ್ಲಿ?

ಕೇಳಿ ತಿಳಿಯೋ ದಾರಿಯೊಂದಿದೆ. 1924ರಲ್ಲಿ ರಾಬರ್ಟ್ ಸ್ಟೋನ್ಲಿ ಎರಡು ಪದಾರ್ಥಗಳ ಗಡಿಯಲ್ಲಿ ಸಾಗುವ ಅಲೆಯನ್ನು ಗಣಿತದಲ್ಲಿ ತೋರಿಸಿದರು. ನೀರು ತುಂಬಿದ ಕೊಳವೆಬಾವಿಯ ಗೋಡೆಗುಂಟ ಸಾಗುವ ಅಲೆಗೂ ಈಗ ಅವರದೇ ಹೆಸರು. ಬಿರುಕು ಸಿಕ್ಕಲ್ಲಿ ಆ ಅಲೆ ನೀರನ್ನು ಬಂಡೆಯೊಳಗೆ ತಳ್ಳುತ್ತೆ. ತಾನು ನಿಧಾನವಾಗುತ್ತೆ, ಸೊರಗುತ್ತೆ. ನಮ್ಮ ಭಾಷೇಲಿ ಹೇಳೋದಾದ್ರೆ ಪಿಂಗ್ ತಡ, ಪ್ಯಾಕೆಟ್ ಲಾಸ್. ಆದ್ರೆ ಮೆತ್ತನೆ ಬಂಡೆಯಲ್ಲೂ ಅಲೆ ನಿಧಾನವಾಗುತ್ತೆ. ಅದನ್ನ ಕಳೆದು ನೋಡದಿದ್ರೆ ಲೆಕ್ಕ ತಪ್ಪುತ್ತೆ.

ಕೊಯ್ನಾ ಹತ್ತಿರ 2017ರ ಹೊತ್ತಿಗೆ 3 ಕಿ.ಮೀ. ಆಳಕ್ಕೆ ಕೊರೆದರು. ಸುಮಾರು 1.2 ಕಿ.ಮೀ.ಗೆ ಬಸಾಲ್ಟ್ ಮುಗಿದು ಗ್ರಾನೈಟ್ ಜಾತಿಯ ಹಳೇ ಬಂಡೆ ಸಿಕ್ಕಿತು. ಭೂಕಂಪ ನಿಲ್ಲಿಸೋಕೆ ಆಗಲ್ಲ. ಆದ್ರೆ ನೀರಿನ ದಾರಿ ಗೊತ್ತಾದ್ರೆ ಮುಂದಿನ ಅಣೆಕಟ್ಟು ಕಟ್ಟೋರು ಕುರುಡಾಗಿ ಕಟ್ಟಬೇಕಿಲ್ಲ.