ವಾಸಸ್ಥಾನದ ಆಯ್ಕೆ: ಬಾಗಲಕೋಟೆಯ ನಿದರ್ಶನದಿಂದ ಅಲಾನ್ಸೋ ಸಿದ್ಧಾಂತದ ಪುನರ್ವಿಮರ್ಶೆ

ದುಡಿಯುವ ಸ್ಥಳಕ್ಕೂ ವಾಸಿಸುವ ಸ್ಥಳಕ್ಕೂ ನಡುವಣ ಅಂತರವನ್ನು ಮನುಷ್ಯನು ಎಷ್ಟರಮಟ್ಟಿಗೆ ಸಹಿಸಿಯಾನು, ಆ ಅಂತರವನ್ನು ತಗ್ಗಿಸಿಕೊಳ್ಳುವುದಕ್ಕಾಗಿ ಎಷ್ಟು ಬಾಡಿಗೆ ತೆತ್ತಾನು ಎಂಬ ಪ್ರಶ್ನೆಗೆ ಅರ್ಥಶಾಸ್ತ್ರಜ್ಞರು ಕೊಟ್ಟಿರುವ ಉತ್ತರವು ಬಹುಮಟ್ಟಿಗೆ ಏಕಪ್ರಕಾರವಾದುದು. ಜರ್ಮನಿಯ ಫಾನ್ ಟ್ಯೂನನ್ 1826ರಲ್ಲಿ ಒಂಟಿ ಪಟ್ಟಣವೊಂದರ ಸುತ್ತಣ ಬೇಸಾಯದ ಭೂಮಿಯನ್ನು ಕುರಿತು ರೂಪಿಸಿದ ವಿಚಾರವನ್ನು ಅಮೆರಿಕದ ವಿಲಿಯಂ ಅಲಾನ್ಸೋ 1964ರಲ್ಲಿ ನಗರದ ನಿವೇಶನಗಳಿಗೆ ಅನ್ವಯಿಸಿದನು. ಮಿಲ್ಸ್, ಮೂತ್ ಮೊದಲಾದವರು ಅದನ್ನು ಬೆಳೆಸಿದರು. ಕೇಂದ್ರದಿಂದ ದೂರ ಸರಿದಂತೆ ಬಾಡಿಗೆ ಇಳಿಯುತ್ತದೆ, ಪ್ರಯಾಣದ ವೆಚ್ಚ ಏರುತ್ತದೆ, ಈ ಇಳಿತವೂ ಆ ಏರಿಕೆಯೂ ಸರಿದೂಗುವ ಬಿಂದುವಿನಲ್ಲಿ ಕುಟುಂಬವು ನೆಲೆ ನಿಲ್ಲುತ್ತದೆ ಎಂಬುದು ಈ ಪಂಥದ ಸಾರ. ನಗರಕ್ಕೆ ಒಂದೇ ಕೇಂದ್ರವಿರಬೇಕೆಂಬ ಕಲ್ಪನೆ ಕೃತಕವೆಂಬ ಆಕ್ಷೇಪವೂ ಹಳೆಯದಾಯಿತು; ಫುಜಿತಾ ಮತ್ತು ಒಗಾವಾ 1982ರಲ್ಲಿ ಬಹುಕೇಂದ್ರಗಳ ಸಂಭವವನ್ನು ಗಣಿತಮುಖೇನ ಸಿದ್ಧಪಡಿಸಿದ ತರುವಾಯ ಅದನ್ನು ಮತ್ತೆ ಎತ್ತುವುದರಲ್ಲಿ ಹುರುಳಿಲ್ಲ. ಪ್ರಸ್ತುತ ಲೇಖಕನ ಭಿನ್ನಾಭಿಪ್ರಾಯವಿರುವುದು ಕೇಂದ್ರಗಳ ಸಂಖ್ಯೆಯಲ್ಲಲ್ಲ, ಪ್ರಯಾಣವನ್ನು ಯಾರ ಕಾಲಿನಿಂದ ಅಳೆಯಬೇಕೆಂಬುದರಲ್ಲಿ, ಮತ್ತು ಬಾಡಿಗೆಯೆಂದರೆ ಮನೆಯೊಡೆಯನ ಕೈಗೆ ಸೇರುವ ಹಣ ಮಾತ್ರವೇ ಎಂಬುದರಲ್ಲಿ. ಈ ಎರಡು ಸಂದೇಹಗಳಿಗೂ ಆಧಾರವಾಗಿರುವುದು ಬಾಗಲಕೋಟೆಯ ನಿದರ್ಶನ. ಬಾದಾಮಿ, ಹುನಗುಂದ, ಇಳಕಲ್ಲುಗಳನ್ನು ಅದರ ಪುಷ್ಟಿಗಾಗಿ ತೆಗೆದುಕೊಳ್ಳಲಾಗಿದೆ.

ಅಲಾನ್ಸೋವಿನ ಗ್ರಂಥ ಅಚ್ಚಾದ 1964ರಲ್ಲಿಯೇ ಆಲಮಟ್ಟಿಯ ಅಣೆಕಟ್ಟಿಗೆ ಲಾಲ್ ಬಹಾದುರ್ ಶಾಸ್ತ್ರಿಯವರು ಶಂಕುಸ್ಥಾಪನೆ ಮಾಡಿದುದು ಕಾಕತಾಳೀಯವಷ್ಟೆ. ಆದರೆ ಆ ಅಡಿಗಲ್ಲಿನ ಫಲವಾಗಿ ಘಟಪ್ರಭೆಯ ದಂಡೆಯ ಒಂದು ಹಳೆಯ ಪೇಟೆಯು, ತಾನಾಗಿ ಬೆಳೆಯುವ ನಗರಗಳಲ್ಲಿ ಶತಮಾನಗಳಲ್ಲಿಯೂ ಗೋಚರಿಸದ ಪಲ್ಲಟವನ್ನು ಒಂದು ತಲೆಮಾರಿನೊಳಗೆ ಅನುಭವಿಸಿತು. ಹಿನ್ನೀರಿಗೆ ಸಿಲುಕುವ ಪಟ್ಟಣದ ಪುನರ್ವಸತಿಗಾಗಿ 1983ರ ಶಾಸನದ ಮೂಲಕ ಬಾಗಲಕೋಟೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರ ರೂಪುಗೊಂಡಿತು. ಹೊಸ ಊರಾದ ನವನಗರದ ವಿನ್ಯಾಸವನ್ನು ಚಾರ್ಲ್ಸ್ ಕೊರಿಯಾ ಅವರು ಸಿದ್ಧಪಡಿಸಿದರು. 1997ರ ಆಗಸ್ಟ್ 15ರಂದು ವಿಜಾಪುರದಿಂದ ಬೇರ್ಪಟ್ಟು ಬಾಗಲಕೋಟೆಯು ಜಿಲ್ಲೆಯಾದಾಗ ಅದರ ಕಚೇರಿಗಳಿಗೆ ನವನಗರವೇ ಸಹಜ ಸ್ಥಾನವಾಯಿತು. 2000ದಲ್ಲಿ ಸರ್ವೋಚ್ಚ ನ್ಯಾಯಾಲಯವು ಅಣೆಕಟ್ಟಿನ ಎತ್ತರವನ್ನು 519.6 ಮೀಟರಿಗೆ ಮಿತಗೊಳಿಸಿತು. 2010ರ ಕೊನೆಯಲ್ಲಿ ಬ್ರಿಜೇಶ್ ಕುಮಾರ್ ಅವರ ನೇತೃತ್ವದ ಕೃಷ್ಣಾ ನ್ಯಾಯಮಂಡಳಿಯು 524.256 ಮೀಟರಿನವರೆಗೆ ನೀರು ನಿಲ್ಲಿಸಲು ಸಮ್ಮತಿಸಿತು. ಈ ಎರಡು ಅಂಕಿಗಳ ನಡುವಣ ನಾಲ್ಕೂವರೆ ಮೀಟರಿಗೆ ಮೀರಿದ ಅಂತರದಲ್ಲಿ ಹಳೆಯ ಊರಿನ ಎಷ್ಟೋ ಮನೆಗಳ ಭವಿಷ್ಯ ತೂಗಾಡುತ್ತಿರುವುದನ್ನು ಮುಂದಿನ ವಿವೇಚನೆಯಲ್ಲಿ ಮರೆಯಲಾಗದು.

ಕೊರಿಯಾ ಅವರು ಪ್ರವೀಣಾ ಮೆಹತಾ ಮತ್ತು ಶಿರೀಶ್ ಪಟೇಲ್ ಅವರೊಡಗೂಡಿ 1964-65ರಲ್ಲಿ ನವಿ ಮುಂಬಯಿಯ ಪ್ರಸ್ತಾವವನ್ನು ಮಂಡಿಸಿದ ಕಾಲದಿಂದಲೂ, ಉದ್ಯೋಗವನ್ನು, ವಿಶೇಷತಃ ಸರ್ಕಾರದ ಕಚೇರಿಗಳನ್ನು, ಸ್ಥಳಾಂತರಿಸಿದರೆ ಜನವಸತಿಯು ಅವನ್ನು ಅನುಸರಿಸುವುದೆಂಬ ನಂಬಿಕೆ ನಮ್ಮ ನಗರಯೋಜಕರಲ್ಲಿ ಬೇರೂರಿದೆ. ಇದು ಅಲಾನ್ಸೋ ಸಿದ್ಧಾಂತದ ಭಾರತೀಯ ಅನುವೃತ್ತಿಯೆಂದರೆ ಸಲ್ಲುತ್ತದೆ. ಬಾಗಲಕೋಟೆಯಲ್ಲಿ ಅದು ಭಾಗಶಃ ನಿಜವೂ ಆಯಿತು. ಜಿಲ್ಲಾಡಳಿತ ಭವನ, ಜಿಲ್ಲಾಸ್ಪತ್ರೆ, ವೈದ್ಯಕೀಯ ಮಹಾವಿದ್ಯಾಲಯ, 2008ರಲ್ಲಿ ಸ್ಥಾಪಿತವಾದ ತೋಟಗಾರಿಕೆ ವಿಶ್ವವಿದ್ಯಾಲಯ ಇವೆಲ್ಲವೂ ಹೊಸ ಊರಿನ ಪಾಲಿಗೆ ಬಂದವು. ನಡುವೆ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘದ ವಿದ್ಯಾಸಂಸ್ಥೆಗಳಿಂದ ಬೆಳೆದ ವಿದ್ಯಾಗಿರಿಯು ಮೂರನೆಯ ಊರೇ ಎಂಬಂತೆ ನಿಂತಿತು. ಆದರೆ ಬಜಾರು ಬರಲಿಲ್ಲ. ವಲ್ಲಭಭಾಯಿ ಚೌಕದ ಸುತ್ತಣ ವ್ಯಾಪಾರವು, ನೀರು ಬಂದು ನಿಂತ ಅಂಚಿನ ಸಮೀಪದಲ್ಲಿಯೇ, ಕಚೇರಿಗಳೂ ಅಧಿಕಾರಿಗಳೂ ಹೊರಟುಹೋದ ಮೇಲೂ ಉಳಿದುಕೊಂಡಿತು. ಹೋಳಿಯ ಬಣ್ಣದ ಬಂಡಿಗಳೂ ಅಲ್ಲಿಯೇ ಉರುಳುತ್ತವೆ, ನವನಗರದ ಸೆಕ್ಟರುಗಳಿಗೆ ಹೋದವರು ಆ ದಿನಗಳಲ್ಲಿ ಹಳೆಯ ಊರಿನ ಕಿಲ್ಲಾ, ಜೈನಪೇಟೆ, ವೆಂಕಟಪೇಟೆಯವರಾಗಿ ಹಿಂದಿರುಗುತ್ತಾರೆ.

ಇಲ್ಲಿಂದ ವಿವಾದದ ಅಂಶ ಮೊದಲಾಗುತ್ತದೆ. ಕಚೇರಿಯಲ್ಲಿ ಪಗಾರ ಪಡೆಯುವ ಗುಮಾಸ್ತನೊಬ್ಬನು ಹಳೆಯ ಊರಿನ ಓಣಿಯೊಂದರಲ್ಲಿ ಬಾಡಿಗೆಗಿದ್ದು ನವನಗರಕ್ಕೆ ಪ್ರತಿದಿನ ಬಸ್ಸಿನಲ್ಲೋ ಟಂಟಮ್ಮಿನಲ್ಲೋ ಹೋಗಿಬರುವುದನ್ನು ಸಿದ್ಧಾಂತವು ಹೇಗೆ ವಿವರಿಸೀತು? ಉದ್ಯೋಗದ ಕೇಂದ್ರದಿಂದ ದೂರವಿರುವುದರಿಂದ ಬಾಡಿಗೆ ಅಗ್ಗ, ಆ ಉಳಿತಾಯವು ಪ್ರಯಾಣದ ಖರ್ಚನ್ನು ಮೀರುತ್ತದೆ ಎಂದೀತು. ಮೇಲ್ನೋಟಕ್ಕೆ ಇದು ಸಮರ್ಪಕ. ಆದರೆ ಅದೇ ಓಣಿಯು ವ್ಯಾಪಾರದ ಕೇಂದ್ರಕ್ಕೆ ಅತ್ಯಂತ ಸಮೀಪವಾದುದು. ಬಹುಕೇಂದ್ರಗಳ ಸಿದ್ಧಾಂತದ ಪ್ರಕಾರ ಅಲ್ಲಿಯ ಬಾಡಿಗೆಯು ಪುನಃ ಏರಬೇಕಾಗಿತ್ತು. ಅದು ಏರದಿರುವುದಕ್ಕೆ ಕಾರಣ ದೂರವಲ್ಲ, ಅನಿಶ್ಚಯ. ಮುಳುಗಡೆಯ ರೇಖೆ ಎಲ್ಲಿ ನಿಲ್ಲುವುದೋ ತಿಳಿಯದ ಮನೆಯೊಡೆಯನು ಗೋಡೆಗೆ ಗಿಲಾವು ಮಾಡಿಸುವುದಿಲ್ಲ, ಮಾಳಿಗೆಯ ಮೇಲೆ ಅಂತಸ್ತು ಕಟ್ಟುವುದಿಲ್ಲ. ಪರಿಹಾರ ಬರುವವರೆಗೆ ಮನೆ ಬೀಳದೆ ನಿಂತರೆ ಸಾಕೆಂಬ ಅವನ ನಿರೀಕ್ಷೆಯ ನೆರಳಿನಲ್ಲಿ ಬಾಡಿಗೆದಾರನು ಅಗ್ಗವಾಗಿ ಬಾಳುತ್ತಾನೆ. ಬಾದಾಮಿಯಲ್ಲಿ ಇದೇ ಪರಿಣಾಮವನ್ನು ಬೇರೊಂದು ಕಾರಣ ಉಂಟುಮಾಡಿರುವುದು ಗಮನಾರ್ಹ: 2010ರಲ್ಲಿ ತಿದ್ದುಪಡಿಯಾದ ಪ್ರಾಚೀನ ಸ್ಮಾರಕಗಳ ಶಾಸನವು ಸಂರಕ್ಷಿತ ಸ್ಮಾರಕದಿಂದ 100 ಮೀಟರಿನೊಳಗೆ ಹೊಸ ಕಟ್ಟಡವನ್ನು ನಿಷೇಧಿಸಿ, ಅದರಾಚೆಯ 200 ಮೀಟರನ್ನು ನಿಯಂತ್ರಣಕ್ಕೆ ಒಳಪಡಿಸಿದ ಮೇಲೆ, ಗುಹಾಲಯಗಳ ಬುಡದ ಹಳೆಯ ಕೇರಿಗಳು ಊರಿನ ನಟ್ಟನಡುವೆ ಇದ್ದೂ ಬೆಳೆಯಲಾರದಂತಾದವು. ಒಂದೆಡೆ ನೀರು, ಇನ್ನೊಂದೆಡೆ ಶಿಲ್ಪ. ಎರಡೆಡೆಯೂ ಬಾಡಿಗೆಯನ್ನು ಹಿಡಿದು ನಿಲ್ಲಿಸಿರುವುದು ಕಿಲೋಮೀಟರುಗಳಲ್ಲ.

ಈ ಮೊದಲನೆಯ ತಿದ್ದುಪಡಿಯನ್ನು ಅಲಾನ್ಸೋವಿನ ಅನುಯಾಯಿಗಳು ಪ್ರಾಯಃ ಒಪ್ಪಿಯಾರು. ಅನಿಶ್ಚಯಕ್ಕೂ ಒಂದು ಬೆಲೆ ಕಟ್ಟಿ ಸಮೀಕರಣದೊಳಗೆ ಸೇರಿಸಿಕೊಂಡಾರು. ಎರಡನೆಯದು ಅಷ್ಟು ಸುಲಭವಲ್ಲ. ಅಗ್ಗದ ಬಾಡಿಗೆಯೊಂದೇ ಕಾರಣವಾಗಿದ್ದರೆ ನವನಗರದಲ್ಲಿ ಸ್ವಂತ ನಿವೇಶನ ದೊರೆತವರು ಅದನ್ನು ಬಾಡಿಗೆಗೆ ಕೊಟ್ಟು ಅಥವಾ ಬರಿದಾಗಿ ಬಿಟ್ಟು ಹಳೆಯ ಊರಿನಲ್ಲಿಯೇ ಉಳಿಯುವುದಕ್ಕೆ ಅರ್ಥವಿರುತ್ತಿರಲಿಲ್ಲ; ಆದರೆ ಅಂಥವರು ಇದ್ದಾರೆ. ಇದನ್ನು ಹುಟ್ಟೂರಿನ ವ್ಯಾಮೋಹವೆಂದು ತಳ್ಳಿಬಿಡುವುದು ವಾಡಿಕೆ. ನಿರ್ವಸಿತರ ದಾರಿದ್ರ್ಯದ ಎಂಟು ಅಪಾಯಗಳನ್ನು ಎಣಿಸಿದ ಮೈಕೆಲ್ ಸೆರ್ನಿಯಾ ಕೂಡ, ಸಾಮಾಜಿಕ ಬಂಧಗಳ ವಿಘಟನೆಯನ್ನು ಭೂಮಿ ಮತ್ತು ಉದ್ಯೋಗಗಳ ನಾಶದಿಂದ ಪ್ರತ್ಯೇಕವಾದ ಒಂದು ಬಾಬತ್ತಾಗಿಯೇ ಇರಿಸಿದನು. ಪ್ರಸ್ತುತ ಲೇಖಕನ ಅಭಿಪ್ರಾಯದಲ್ಲಿ ಅದು ಬಾಡಿಗೆಯ ಲೆಕ್ಕದ ಒಳಗೇ ಸೇರತಕ್ಕದ್ದು.

ಏಕೆಂದರೆ ಸಿದ್ಧಾಂತವು ಎಣಿಸುವ ಪ್ರಯಾಣವು ಮನೆಯ ಒಬ್ಬ ದುಡಿಯುವವನದು: ಬೆಳಗ್ಗೆ ಒಂದು, ಸಂಜೆ ಒಂದು. ಮನೆಯಲ್ಲಿರುವ ಉಳಿದವರ ನಡೆದಾಟ ಎಲ್ಲಿಯೂ ಜಮೆಯಾಗುವುದಿಲ್ಲ. ಗಿರಣಿಗೆ ಜೋಳ ಒಯ್ಯುವ ಹೆಂಗಸು, ಗುಡಿಗೆ ಹೋಗುವ ಮುದುಕ, ಮಧ್ಯಾಹ್ನಕ್ಕೆ ಶಾಲೆಯಿಂದ ಬರುವ ಮಗು, ಕಾಯಿಪಲ್ಯೆ, ಔಷಧಿ, ಸಾವು, ಮದುವೆ ಇವುಗಳ ಸಣ್ಣ ಸಣ್ಣ ನಡಿಗೆಗಳೆಲ್ಲ ಕೂಡಿದರೆ ಗುಮಾಸ್ತನ ಬಸ್ಸಿನ ದಾರಿಯನ್ನು ಅನಾಯಾಸವಾಗಿ ಮೀರುತ್ತವೆ. ಹಳೆಯ ಓಣಿಯಲ್ಲಿ ಇವು ನಡೆದು ಮುಗಿಯತಕ್ಕವು. ಅಗಲವಾದ ರಸ್ತೆಗಳ ಸೆಕ್ಟರುಗಳಲ್ಲಿ ಇವುಗಳಲ್ಲಿ ಅನೇಕವು ವಾಹನವನ್ನು ಬೇಡುತ್ತವೆ. ಆದುದರಿಂದ ಒಬ್ಬನು ದೂರ ಹೋಗಿ ಐವರು ಹತ್ತಿರ ಉಳಿಯುವ ವ್ಯವಸ್ಥೆಯು ಕುಟುಂಬದ ದೃಷ್ಟಿಯಿಂದ ವಿವೇಕದ ಆಯ್ಕೆ. ಅದು ಅವಿವೇಕವಾಗಿ ಕಾಣುವುದು ಆ ಒಬ್ಬನನ್ನೇ ಕುಟುಂಬವೆಂದು ಭಾವಿಸಿದಾಗ ಮಾತ್ರ.

ಇನ್ನು ಉದ್ರಿಯ ವಿಷಯ. ಪಗಾರದವರೆಗೆ ಕಿರಾಣಿ ಅಂಗಡಿಯವನು ಬರೆದುಕೊಂಡು ಸಾಮಾನು ಕೊಡುವುದು, ಬಟ್ಟೆಯಂಗಡಿಯಲ್ಲಿ ಹಬ್ಬಕ್ಕೆ ಒಯ್ದುದನ್ನು ಸುಗ್ಗಿಯ ಮೇಲೆ ತೀರಿಸುವುದು ಇವು ಪರಿಚಯವನ್ನೇ ಜಾಮೀನಾಗಿ ಇಟ್ಟುಕೊಂಡ ಸಾಲಗಳು. ಪರಿಚಯವಾದರೋ ಓಣಿಯಲ್ಲಿ ವಾಸಿಸಿದುದರ ಫಲ. ಮನೆ ಬದಲಿಸಿದವನು ಈ ಜಾಮೀನನ್ನು ಗಾಡಿಯಲ್ಲಿ ಹೇರಿಕೊಂಡು ಹೋಗಲಾರನು. ಹೊಸ ಸೆಕ್ಟರಿನಲ್ಲಿ ಅವನು ರೊಕ್ಕ ಎಣಿಸಿಯೇ ಕೊಳ್ಳಬೇಕು, ಇಲ್ಲವೆ ಬಡ್ಡಿಯ ಸಾಲ ಮಾಡಬೇಕು. ಹೀಗೆ ತೆರಬೇಕಾಗುವ ಬಡ್ಡಿಯು ವಸ್ತುತಃ ಹೊಸ ಮನೆಯ ಬಾಡಿಗೆಯ ಒಂದು ಅಂಗವೆಂದೇ ನಾನು ಪ್ರತಿಪಾದಿಸುತ್ತೇನೆ. ಈ ಪ್ರತಿಪಾದನೆಗೆ ಕೆಲವು ಮಿತಿಗಳನ್ನು ಕೂಡಲೇ ಹೇಳುವುದು ಯುಕ್ತ. ನಿಯಮಿತ ಪಗಾರವುಳ್ಳ ನೌಕರನಿಗೆ ಉದ್ರಿಯ ಅವಶ್ಯಕತೆ ಕೂಲಿಕಾರನಿಗಿರುವಷ್ಟಿಲ್ಲ. ಮೇಲೆ ಹೇಳಿದ ಗುಮಾಸ್ತನ ವಿಷಯದಲ್ಲಿ ಈ ಕಾರಣಕ್ಕಿಂತ ಹಿಂದಿನದೇ ಪ್ರಬಲವಾಗಿರಬಹುದು. ಉದ್ರಿಯ ಮೇಲೆ ಮಾರುವವನು ದರದಲ್ಲಿಯೇ ಬಡ್ಡಿಯನ್ನು ಅಡಗಿಸಿರಲೂಬಹುದು; ಹಾಗಿದ್ದಲ್ಲಿ ಹಳೆಯ ಓಣಿಯ ಲಾಭವು ನಾನು ಭಾವಿಸಿರುವುದಕ್ಕಿಂತ ಕಿರಿದು. ಎಲ್ಲ ಜಾತಿಯವರಿಗೂ ಎಲ್ಲ ಅಂಗಡಿಗಳಲ್ಲಿಯೂ ಪರಿಚಯವು ಸಮಾನವಾಗಿ ಫಲಿಸುತ್ತಿತ್ತೆಂದು ಹೇಳುವ ಧೈರ್ಯವಂತೂ ನನಗಿಲ್ಲ. ಹಳೆಯ ಪೇಟೆಯ ಅಂಚಿನ ಕೇರಿಗಳಲ್ಲಿದ್ದ ಕೆಲವರಿಗೆ, ನೆರೆಯವನ ಕುಲವನ್ನು ಸಂಖ್ಯೆಯ ಹಿಂದೆ ಮರೆಸುವ ಸೆಕ್ಟರೇ ಹಿತವಾಗಿ ತೋರಿದ್ದರೆ ಆಶ್ಚರ್ಯಪಡಬೇಕಾಗಿಲ್ಲ.

ಈ ವಾದಕ್ಕೆ ಅತ್ಯಂತ ಬಲವಾದ ಪೋಷಣೆ ದೊರೆಯುವುದು ಇಳಕಲ್ಲಿನಿಂದ. ಮನೆಯಲ್ಲಿಯೇ ನೇಯುವವನಿಗೆ ಕೆಲಸಕ್ಕೆ ಹೋಗುವ ದಾರಿಯೇ ಇಲ್ಲ. ಅಲಾನ್ಸೋವಿನ ಪ್ರಕಾರ ಅವನು ಬಾಡಿಗೆ ಎಲ್ಲಿ ಅತ್ಯಲ್ಪವೋ ಅಲ್ಲಿಗೆ, ಊರಾಚೆಗೂ, ಹೋಗಲು ಸ್ವತಂತ್ರನು. ಆದರೆ ನೇಕಾರರು ಒತ್ತೊತ್ತಾಗಿಯೇ ನೆಲೆಸಿದ್ದಾರೆ. ಇಳಕಲ್ ಸೀರೆಯ ಮೈಯ ಹಾಸನ್ನೂ ಸೆರಗಿನ ಹಾಸನ್ನೂ ಬೇರೆ ಬೇರೆಯಾಗಿ ಸಿದ್ಧಪಡಿಸಿ, ಎಳೆಎಳೆಯಾಗಿ ಕೊಂಡಿ ಹಾಕಿ ಜೋಡಿಸಬೇಕು. ಬಣ್ಣ, ಹಾಸು, ಕೊಂಡಿ, ನೂಲು ಕೊಡುವ ಸಾಹುಕಾರ ಇವೆಲ್ಲ ಒಂದು ಕರೆಯ ದೂರದಲ್ಲಿರಬೇಕು. ಮಗ್ಗದ ಪೂರ್ವಸಿದ್ಧತೆಯ ಬಹುಭಾಗವನ್ನು ಮನೆಯ ಹೆಂಗಸರು ಮಾಡತಕ್ಕದ್ದರಿಂದ ನೆರೆಯ ನೆರವೂ ಬೇಕು. ಅದಕ್ಕೂ ಮಿಗಿಲಾಗಿ, ಕುಣಿಮಗ್ಗಕ್ಕೆ ನೆಲ ಅಗೆಯಬೇಕು. ಬಾಡಿಗೆಯ ಮನೆಯ ನೆಲವನ್ನು ಅಗೆಯಗೊಡುವ ಒಡೆಯ ಸಿಕ್ಕುವುದು ನೇಕಾರಿಕೆಯನ್ನು ಬಲ್ಲ ಓಣಿಯಲ್ಲಿಯೇ. ಮಹಡಿಯ ಮೇಲಣ ಮನೆಯಾದರೋ ಎಷ್ಟು ಅಗ್ಗವಾಗಿದ್ದರೂ ಅವನಿಗೆ ನಿರುಪಯುಕ್ತ. ಗುಳೇದಗುಡ್ಡದ ಖಣದ ನೇಕಾರರಿಗೂ ಈ ಮಾತು ಅನ್ವಯಿಸುತ್ತದೆ.

ಹುನಗುಂದದ ಪ್ರಕರಣವು ಇದಕ್ಕೆ ಪ್ರತಿಯಾದುದು, ಆದರೂ ವಾದಕ್ಕೆ ಪೂರಕ. ತಾಲೂಕಿನ ಹಳೆಯ ಕಚೇರಿಗಳು ಹುನಗುಂದದಲ್ಲಿ. ಜನಸಂಖ್ಯೆಯಲ್ಲಿಯೂ ವ್ಯಾಪಾರದಲ್ಲಿಯೂ ಹಿರಿದಾದ ಊರು, ಹೆದ್ದಾರಿಯಲ್ಲಿ ಸ್ವಲ್ಪವೇ ಮುಂದಿರುವ ಇಳಕಲ್ಲು. ನೌಕರನು ಕೇಂದ್ರಸ್ಥಾನದಲ್ಲಿಯೇ ವಾಸಿಸಬೇಕೆಂಬುದು ಸರ್ಕಾರದ ನಿಯಮ. ಅವನ ಮನೆಬಾಡಿಗೆ ಭತ್ಯೆಯೂ ಕರ್ತವ್ಯದ ಊರಿನ ಗಾತ್ರವನ್ನನುಸರಿಸಿ ನಿರ್ಧಾರವಾಗುತ್ತದೆ, ವಾಸದ ಊರನ್ನಲ್ಲ. ಆದರೂ ಮಕ್ಕಳ ಶಾಲೆ, ಆಸ್ಪತ್ರೆ, ಪೇಟೆಗಳಿಗಾಗಿ ದೊಡ್ಡ ಊರಿನಲ್ಲಿ ಮನೆ ಮಾಡಿ ಚಿಕ್ಕ ಊರಿಗೆ ಹೋಗಿಬರುವ ರೂಢಿ ಈ ಸೀಮೆಯಲ್ಲಿ ವ್ಯಾಪಕವಾಗಿದೆ. ಇಲ್ಲಿಯೂ ಒಬ್ಬನ ದೂರವನ್ನು ತೆತ್ತು ಉಳಿದವರ ಸಾಮೀಪ್ಯವನ್ನು ಕೊಂಡಂತಾಯಿತು. (ಚಾಲುಕ್ಯರು ಬಾದಾಮಿಯಲ್ಲಿ ಕೋಟೆಯನ್ನೂ ಪಟ್ಟದಕಲ್ಲಿನಲ್ಲಿ ಪಟ್ಟಾಭಿಷೇಕವನ್ನೂ ಇರಿಸಿಕೊಂಡುದು, ಐನೂರ್ವರೆಂಬ ವಣಿಕರ ಹೆಸರು ಐಹೊಳೆಗೆ ಅಂಟಿಕೊಂಡುದು, ಇವನ್ನು ನೆನೆದರೆ ಮಲಪ್ರಭೆಯ ಕಣಿವೆಗೆ ಕಚೇರಿಯೊಂದೆಡೆ ಪೇಟೆಯೊಂದೆಡೆ ಇರುವ ಏರ್ಪಾಡು ಹೊಸದಲ್ಲವೆನ್ನಿಸುತ್ತದೆ; ಆದರೆ ಈ ಹೋಲಿಕೆಯನ್ನು ಇದಕ್ಕಿಂತ ದೂರ ಎಳೆಯುವುದು ಉಚಿತವಲ್ಲ.)

ಕೊನೆಯದಾಗಿ ಒಂದು ಹೊಸ ಸಾಕ್ಷ್ಯ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯು ಸರ್ಕಾರಿ ಸಾರಿಗೆಯ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಹೆಂಗಸರ ಪ್ರಯಾಣವನ್ನು ಉಚಿತಗೊಳಿಸಿತು. ಪ್ರಯಾಣದ ದರವೇ ವಾಸವನ್ನು ನಿರ್ಣಯಿಸುವುದಾದರೆ, ಬಾಗಲಕೋಟೆಯಿಂದ ಬಾದಾಮಿಗೆ ಹೋಗಿಬರುವ ಶಿಕ್ಷಕಿಯು ಇನ್ನು ಮುಂದೆ ಎಲ್ಲಿ ಬಾಡಿಗೆ ಕಡಿಮೆಯೋ ಅಲ್ಲಿಗೆ ಸರಿಯಬೇಕು. ದರವು ಗೌಣವಾಗಿ ಮನೆಯ ಒಟ್ಟು ನಡಿಗೆಯೇ ಮುಖ್ಯವಾದರೆ, ಅವಳು ಇದ್ದಲ್ಲಿಯೇ ಇದ್ದು ಉಳಿದ ದುಡ್ಡನ್ನು ಬೇರೆಯದಕ್ಕೆ ಬಳಸಬೇಕು. ಎರಡು ಮತಗಳನ್ನು ಒರೆಗೆ ಹಚ್ಚಲು ಇಂಥ ಅವಕಾಶ ಅಪೂರ್ವ. ಮನೆಗಳನ್ನು ಬದಲಿಸುವುದು ವರ್ಷಗಳ ಕಾರ್ಯವಾದುದರಿಂದ ತೀರ್ಮಾನಕ್ಕೆ ಇನ್ನೂ ಕಾಲ ಬಂದಿಲ್ಲ. ಟಿಕೆಟ್ಟು ಇಲ್ಲವಾದರೂ ಬಸ್ಸಿಗಾಗಿ ಕಾಯುವ ಹೊತ್ತು ಇಲ್ಲವಾಗದೆಂಬುದನ್ನೂ ಗಣಿಸಬೇಕು.

ಉದ್ರಿಯು ಬಾಡಿಗೆಯ ಅಂಗವೆಂಬ ಮಾತು ಸದ್ಯಕ್ಕೆ ಊಹೆ. ಅದನ್ನು ಸಿದ್ಧಪಡಿಸಲು ಅಥವಾ ಅಳಿಸಲು ಬೇಕಾದ ಸಾಮಗ್ರಿಯು ಹಳೆಯ ಪೇಟೆಯ ಅಂಗಡಿಗಳ ಖಾತೆಕಿರ್ದಿಗಳಲ್ಲಿಯೂ ಬಾಡಿಗೆಯ ಕರಾರುಗಳಲ್ಲಿಯೂ ಇದೆ. ನೀರಿನ ರೇಖೆ ಮೇಲೇರಿದರೆ ಆ ಅಂಗಡಿಗಳು ಚದುರುವುವು, ಕಿರ್ದಿಗಳು ರದ್ದಿಯ ಪಾಲಾಗುವುವು. ಬಾಗಲಕೋಟೆಯ ಮಹಾವಿದ್ಯಾಲಯಗಳ ಅರ್ಥಶಾಸ್ತ್ರ ಹಾಗೂ ಸಮಾಜಶಾಸ್ತ್ರ ವಿಭಾಗಗಳು, ಒಡೆಯರ ಹೆಸರುಗಳನ್ನು ಗೋಪ್ಯವಾಗಿಟ್ಟು, ಅವುಗಳ ಪ್ರತಿಗಳನ್ನು ಈಗಲೇ ಸಂಗ್ರಹಿಸಬೇಕೆಂದು ವಿನಂತಿಸುತ್ತೇನೆ.