ಕೋಕೋ ಬೆಳೆದವರಿಗೆ ದಕ್ಕಿದ್ದೆಷ್ಟು?

ವಿದೇಶ ವ್ಯಾಪಾರ ಬೆಳೆದರೆ ಬಡ ದೇಶ ಉದ್ಧಾರವಾಗುತ್ತದೆಯೆ? ಇದಕ್ಕೆ ಉತ್ತರ ಹುಡುಕುವವರು ಪಶ್ಚಿಮ ಆಫ್ರಿಕದ ಘಾನಾದ ಚರಿತ್ರೆಯನ್ನೊಮ್ಮೆ ನೋಡಬೇಕು.

ಟೆಟ್ಟೆ ಕ್ವಾರ್ಶಿ ಎಂಬ ಕಮ್ಮಾರ 1870ರ ದಶಕದ ಕೊನೆಯಲ್ಲಿ ಫರ್ನಾಂಡೊ ಪೊ ದ್ವೀಪದಿಂದ ಕೋಕೋ ಬೀಜ ತಂದು ನೆಟ್ಟನೆಂಬುದು ಅಲ್ಲಿ ಮನೆಮಾತು. ಆಗ ಆ ನಾಡು ಬ್ರಿಟಿಷರ ‘ಗೋಲ್ಡ್ ಕೋಸ್ಟ್’. ಬಿಳಿಯರ ದೊಡ್ಡ ತೋಟಗಳಿಂದಲ್ಲ, ಸಣ್ಣ ರೈತರ ದುಡಿಮೆಯಿಂದಲೇ 1911ರ ವೇಳೆಗೆ ಅದು ಜಗತ್ತಿನಲ್ಲಿ ಅತಿ ಹೆಚ್ಚು ಕೋಕೋ ಬೆಳೆಯುವ ನಾಡಾಯಿತು. ಮಕ್ಕಳ ಶಾಲೆಗೆ, ಹೊಸ ಮನೆಗೆ ಕೋಕೋ ಹಣ ಒದಗಿತು. ವ್ಯಾಪಾರ ತಂದ ಲಾಭ ಸುಳ್ಳಲ್ಲ.

1947ರಲ್ಲಿ ಕೋಕೋ ಮಾರಾಟ ಮಂಡಳಿ ಹುಟ್ಟಿತು. ಅದು ರೈತರಿಗೆ ವಿಶ್ವ ಮಾರುಕಟ್ಟೆಯ ಧಾರಣೆಗಿಂತ ಕಡಿಮೆ ಕೊಟ್ಟು, ಮಿಕ್ಕಿದ್ದನ್ನು ಕೂಡಿಟ್ಟಿತು. 1957ರಲ್ಲಿ ಸ್ವಾತಂತ್ರ್ಯ ಬಂದಾಗ ಕ್ವಾಮೆ ಎನ್‌ಕ್ರುಮಾ ಕಾರ್ಖಾನೆ, ಅಣೆಕಟ್ಟುಗಳ ಕನಸು ಕಂಡದ್ದು ಈ ಹಣವನ್ನು ನೆಚ್ಚಿಕೊಂಡೇ. 1964-65ರಲ್ಲಿ ಫಸಲು ಐದು ಲಕ್ಷ ಟನ್ ದಾಟಿ ದಾಖಲೆಯಾಯಿತು. ಆದರೆ ಬೆಲೆ 1954ರಲ್ಲಿದ್ದುದರ ಮೂರನೇ ಒಂದು ಭಾಗದ ಆಸುಪಾಸಿಗೆ ಇಳಿದಿತ್ತು. ಬೆಳೆ ಹೆಚ್ಚಿತು, ಬೊಕ್ಕಸ ಬರಿದಾಯಿತು. 1966ರ ಜನವರಿಯಲ್ಲಿ ಅಕೊಸೊಂಬೊ ಅಣೆಕಟ್ಟಿನ ಉದ್ಘಾಟನೆ. ಮರುತಿಂಗಳೇ ಸೇನೆ ಎನ್‌ಕ್ರುಮಾರನ್ನು ಪದಚ್ಯುತಗೊಳಿಸಿತು. ಕಾರಣಗಳು ಹಲವು, ಕೋಕೋ ಅವುಗಳಲ್ಲೊಂದು.

ಕಚ್ಚಾ ಮಾಲು ಮಾರುವ ದೇಶ ಕಾಲಕ್ರಮದಲ್ಲಿ ಅಷ್ಟೇ ಯಂತ್ರ ಕೊಳ್ಳಲು ಹೆಚ್ಚು ಹೆಚ್ಚು ಮಾಲು ತೆರಬೇಕಾಗುತ್ತದೆ ಎಂದು ಅರ್ಜೆಂಟೀನಾದ ಅರ್ಥಶಾಸ್ತ್ರಜ್ಞ ರೌಲ್ ಪ್ರೆಬಿಷ್ 1950ರಲ್ಲೇ ಎಚ್ಚರಿಸಿದ್ದರು. ಹಾಗೆಂದು ವ್ಯಾಪಾರವೇ ವಿಷವಲ್ಲ. 1957ರಲ್ಲಿ ತಲಾ ಆದಾಯದಲ್ಲಿ ಘಾನಾದ ಸರಿಸುಮಾರಿಗಿದ್ದ ದಕ್ಷಿಣ ಕೊರಿಯಾ ರಫ್ತಿನಿಂದಲೇ ಮೇಲೆದ್ದಿತು. ಅದು ಮಾರಿದ್ದು ಬಟ್ಟೆ, ಆಮೇಲೆ ಉಕ್ಕು, ಹಡಗು.

2024ರಲ್ಲಿ ಕೋಕೋ ಟನ್ನಿಗೆ 10,000 ಡಾಲರ್ ದಾಟಿತು. ಆದರೆ ಘಾನಾದಲ್ಲಿ ರೋಗ, ಹವಾಮಾನದ ಕಾಟದಿಂದ ಫಸಲು ಕುಸಿದಿತ್ತು. ಇದ್ದುದರಲ್ಲೂ ಬಹಳಷ್ಟು ಹಿಂದಿನ ಬೆಲೆಗೆ ಮುಂಗಡವಾಗಿ ಮಾರಿಹೋಗಿತ್ತು.

ನಮ್ಮ ಕರಾವಳಿಗೂ ಈ ಪಾಠ ಹೊಸದಲ್ಲ. 1980ರ ಸುಮಾರಿಗೆ ಧಾರಣೆ ಬಿದ್ದು, ಅಡಿಕೆ ತೋಟದ ನಡುವೆ ಕೋಕೋ ಹಾಕಿದವರು ಕಂಗಾಲಾದಾಗ ಬೀಜ ಕೊಳ್ಳಲು ಮುಂದಾದದ್ದು ಬೆಳೆಗಾರರದೇ ಸಹಕಾರಿ ಸಂಸ್ಥೆ ಕ್ಯಾಂಪ್ಕೊ. 1986ರಲ್ಲಿ ಅದು ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ಬೀಜ ಮಾರುವುದು ಬೇರೆ, ಬೀಜವನ್ನು ಚಾಕೊಲೇಟ್ ಮಾಡಿ ಮಾರುವುದು ಬೇರೆ. ಬಡ ದೇಶಗಳ ಹಣೆಬರಹ ಬಹುಮಟ್ಟಿಗೆ ಈ ವ್ಯತ್ಯಾಸದಲ್ಲಿದೆ.